ಪ್ರತಿಕ್ರಿಯೆ: ಅರಣ್ಯ ಜಾಗ ಅಂದರೆ ಕಾಲುಸಂಕ ಆಗೋದೇ ಇಲ್ವಾ?

ಶಿರಸಿ ಕಡೆಯ ನಿಮ್ಮೂರಿನ ಕಾಲುಸಂಕ (ಹಳ್ಳ ದಾಟುವ ಕಾಲುಸೇತುವೆ) ಪ್ರತಿ ಮಳೆಗಾಲ ಕೊಚ್ಚಿಹೋಗುತ್ತದೆ, ಗಟ್ಟಿಯಾದದ್ದು ಕೇಳಿದರೆ ‘ಅರಣ್ಯ ಜಾಗ’ ಅನ್ನುತ್ತಾರೆ ಅಂತ ಬರೆದಿದ್ದೀರಿ. ಅಷ್ಟಕ್ಕೇ ದಾರಿ ಮುಚ್ಚಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ರಸ್ತೆ, ಶಾಲೆಯಂಥ ಊರಿನ ಕೆಲಸಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಜಾಗ ಕೊಡಲು ಅವಕಾಶವಿದೆ. ಕಾಲುಸಂಕಕ್ಕೆ ಎಷ್ಟು ಜಾಗ ಬೇಕು ಹೇಳಿ! ಆದರೆ ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಪಂಚಾಯಿತಿ ಸದಸ್ಯರಿಗೆ ಬಾಯಲ್ಲಿ ಹೇಳಿ ಸುಮ್ನೆ ಕೂರಬೇಡಿ. ವಾರ್ಡ್ ಸಭೆಯಲ್ಲೇ ವಿಷಯ ಎತ್ತಿ, ಎಷ್ಟು ಶಾಲೆ ಮಕ್ಕಳು ದಾಟುತ್ತಾರೆ ಅಂತ ಸೇರಿಸಿ ಗ್ರಾಮಸಭೆಯಲ್ಲಿ ಠರಾವು ಬರೆಸಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿಯ ನಕಲು ಇಟ್ಟುಕೊಳ್ಳಿ.

ಈ ಮಳೆಗಾಲಕ್ಕಂತೂ ಇದು ಆಗೋದಿಲ್ಲ. ಸದ್ಯಕ್ಕೆ ಸಂಕದ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಬದಲಿಸಿ, ಎರಡೂ ಬದಿ ಹಿಡಿದುಕೊಳ್ಳಲು ಕೈಯಾಸರೆ ಕಟ್ಟಿ. ಪಾಚಿ ಹಿಡಿದ ದಬ್ಬೆ ಮೇಲೆ ದೊಡ್ಡವರೇ ಜಾರುತ್ತಾರೆ.