ಪಿಪಿಒದಲ್ಲಿ ‘ಶಾಂತವ್ವ’, ಆಧಾರ್‌ನಲ್ಲಿ ‘ಶಾಂತಾಬಾಯಿ’: ಖಡಕಿಯಿಂದ ಕೇಳಿದವರಿಗೆ

ಸೈನ್ಯದಿಂದ ನಿವೃತ್ತರಾದ ತಂದೆಯ ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ತಾಯಿಯ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು, ಸರಿಪಡಿಸುವುದು ಹೇಗೆ ಅಂತ ಕೇಳಿದ್ದೀರಿ. ತಪ್ಪು ಬಹುಶಃ ಪಿಪಿಒದ್ದಲ್ಲ. ನಿಮ್ಮ ತಂದೆ ಮದುವೆಯಾದಾಗ ಸೈನ್ಯದ ದಾಖಲೆಯಲ್ಲಿ ತಾಯಿಯನ್ನು ಊರಲ್ಲಿ ಕರೆಯುವ ಹೆಸರನ್ನೇ ಬರೆಸಿರುತ್ತಾರೆ. ಪುಣೆಗೆ ಬಂದ ಮೇಲೆ ಆಧಾರ್ ಮಾಡಿಸುವಾಗ ಅವ್ವ ಹೋಗಿ ಬಾಯಿ ಆಗಿದೆ. ಇಲ್ಲಿನ ನಮ್ಮವರ ಅರ್ಧ ಮನೆಗಳಲ್ಲಿ ಇದೇ ಕಥೆ, ನಮ್ಮ ಅತ್ತೆಯದೂ ಹೀಗೇ ಆಗಿತ್ತು.

ಮೊದಲು ಡಿಸ್ಚಾರ್ಜ್ ಬುಕ್ (ಸೈನ್ಯ ಬಿಡುವಾಗ ಕೊಟ್ಟ ಸೇವಾ ದಾಖಲೆ ಪುಸ್ತಕ) ತೆಗೆದು ನೋಡಿ. ಅದರಲ್ಲೂ ಶಾಂತವ್ವ ಅಂತಲೇ ಇದ್ದರೆ ಬ್ಯಾಂಕಿಗೆ ಅಲೆದು ಉಪಯೋಗವಿಲ್ಲ. ತಿದ್ದಬೇಕಾದವರು ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿನವರು. ತಂದೆ ಬಾಂಬೆ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ದಳ) ಅಂದಿರಲ್ಲ, ಆ ದಳದ ರೆಕಾರ್ಡ್ ಆಫೀಸು ನಿಮ್ಮ ಖಡಕಿಯಲ್ಲೇ ಇದೆ. (ಮರಾಠಾ ಲೈಟ್ ಇನ್‌ಫೆಂಟ್ರಿ ಆಗಿದ್ದರೆ ಬೆಳಗಾವಿಗೆ ಬರೆಯಬೇಕಿತ್ತು.)

ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿ. ನೋಟರಿ ಸಾಕೋ, ಮ್ಯಾಜಿಸ್ಟ್ರೇಟ್ ಮುಂದೆಯೇ ಆಗಬೇಕೋ ಅಂತ ರೆಕಾರ್ಡ್ ಆಫೀಸಿನಲ್ಲೇ ಮೊದಲು ಕೇಳಿಕೊಳ್ಳಿ. ಇಲ್ಲವಾದರೆ ಎರಡು ಸಲ ಖರ್ಚು. ಅರ್ಜಿಯನ್ನು ತಂದೆಯೇ ಬರೆದು ಸಹಿ ಹಾಕಲಿ: ಸೈನ್ಯದ ನಂಬರ್, ರ‍್ಯಾಂಕ್, ಸರಿಯಾದ ಹೆಸರು ಯಾವುದು. ಜೊತೆಗೆ ಪಿಪಿಒ, ಡಿಸ್ಚಾರ್ಜ್ ಬುಕ್, ಇಬ್ಬರ ಆಧಾರ್ ಪ್ರತಿ, ಜಂಟಿ ಫೋಟೊ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ತೋರಿಸಿ ದೃಢೀಕರಿಸಿಕೊಂಡು ಕಳಿಸಿದರೆ ವಾಪಸ್ ಬರುವುದು ಕಡಿಮೆ. ಸ್ವೀಕೃತಿ ಬಿಡಬೇಡಿ.

ರೆಕಾರ್ಡ್ ಆಫೀಸಿನಲ್ಲಿ ಪಾರ್ಟ್-2 ಆರ್ಡರ್ (ಸೈನಿಕನ ವೈಯಕ್ತಿಕ ವಿವರದ ಬದಲಾವಣೆ ದಾಖಲಿಸುವ ಆದೇಶ) ಆದ ಮೇಲೆ ತಿದ್ದುಪಡಿ ಪಿಪಿಒ ಬರುತ್ತದೆ. ಆಮೇಲೆ ಸೈನ್ಯದ ಪಿಂಚಣಿಯ ಆನ್‌ಲೈನ್ ತಾಣವಾದ ಸ್ಪರ್ಶ್ ಪೋರ್ಟಲ್‌ನಲ್ಲಿ ಹೆಸರು ಬದಲಾಗಿದೆಯೇ ನೋಡಿಕೊಳ್ಳಿ. ತಂದೆ ಇರುವಾಗಲೇ ಮುಗಿಸಿ, ಕುಟುಂಬ ಪಿಂಚಣಿ ಹೊತ್ತಿಗೆ ತಾಯಿ ಒಬ್ಬರೇ ಇದನ್ನು ಸಾಬೀತು ಮಾಡುವುದು ಬಹಳ ಕಷ್ಟ.