ಸ್ಟೇಷನ್‌ವರೆಗೆ ಸೈಕಲ್, ಅಲ್ಲಿಂದ ರೈಲು

ತುಮಕೂರು ಬಟವಾಡಿಯ ಓದುಗರೊಬ್ಬರು ಬರೆದಿದ್ದಾರೆ: ‘ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆ. ಸ್ಟೇಷನ್‌ವರೆಗೆ ಸೈಕಲ್ ತುಳಿಯೋಣ ಅಂದರೆ ಮನೆಯವರೇ ನಗುತ್ತಾರೆ. ಸ್ಕೂಟರ್ ಇರುವಾಗ ಯಾಕೆ ಈ ಹಟ ಅಂತಾರೆ. ನೀವೇನು ಹೇಳ್ತೀರಿ?’

ತುಳಿಯಿರಿ ಅಂತೀನಿ. ಸ್ಕೂಟರಿಗೂ ಅದರ ಕಾಲ ಇದೆ, ಮಳೆ ಬಂದಾಗ, ವಯಸ್ಸಾದವರನ್ನು ಕೂರಿಸಿಕೊಂಡಾಗ ಅದೇ ಸರಿ. ಆದರೆ ಬೆಳಗ್ಗೆ ನಿಲ್ಲಿಸಿ ರಾತ್ರಿ ಎತ್ತಿಕೊಳ್ಳೋ ಗಾಡಿಗೆ ಪೆಟ್ರೋಲ್ ಯಾಕೆ? ಕಾಲು ಗಂಟೆ ನಡೆದರೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಹೋಗಬಹುದು. ಅದೇ ಕಾಲು ಗಂಟೆಯಲ್ಲಿ ಸೈಕಲ್ ಮೂರು, ಮೂರೂವರೆ ಕಿಲೋಮೀಟರ್ ದಾಟಿಸುತ್ತದೆ. ಅಂದರೆ ಆಟೋ ಹತ್ತದೆ ಸ್ಟೇಷನ್ ಮುಟ್ಟಬಲ್ಲ ಬಡಾವಣೆಗಳು ಎಷ್ಟು ಹೆಚ್ಚಾದವು ನೋಡಿ!

ಇದೇನು ಹೊಸ ವಿದ್ಯೆಯಲ್ಲ. ಮುಂಬೈನ ಡಬ್ಬಾವಾಲಾಗಳು ಮನೆಮನೆಯಿಂದ ಊಟದ ಡಬ್ಬಿ ಸೈಕಲ್ಲಿಗೆ ನೇತುಹಾಕಿ ತರುತ್ತಾರೆ, ಲೋಕಲ್ ರೈಲಿಗೆ ಏರಿಸುತ್ತಾರೆ, ಇಳಿದ ಮೇಲೆ ಮತ್ತೆ ಸೈಕಲ್ಲು. ನೆದರ್ಲೆಂಡಿನಲ್ಲಂತೂ ರೈಲು ಹತ್ತುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಸೈಕಲ್ಲಿನಲ್ಲೇ ಸ್ಟೇಷನ್ನಿಗೆ ಬರುತ್ತಾರೆ. ಯುಟ್ರೆಕ್ಟ್ ಸ್ಟೇಷನ್ನಿನ ಕೆಳಗೆ 12,500 ಸೈಕಲ್ ನಿಲ್ಲುತ್ತವೆ, ಮೊದಲ 24 ಗಂಟೆ ಪುಕ್ಕಟೆ.

ಮಡಚೋ ಸೈಕಲ್ ಕೊಳ್ಳಲಾ ಅಂತ ನೀವು ಯೋಚಿಸಬಹುದು. ನಮ್ಮ ಮೆಟ್ರೊ 2022ರಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ, ಕೊನೆಯ ಬೋಗಿಯಲ್ಲಿ, ತೂಕ 15 ಕಿಲೋ ಮೀರಬಾರದು. ಆದರೆ ಕಾಲಿಡಲು ಜಾಗವಿಲ್ಲದ ಬೆಳಗಿನ ರೈಲಿಗೆ ಅದನ್ನು ಹತ್ತಿಸೋದು ಕಷ್ಟ, ಬೆಲೆಯೂ ಜಾಸ್ತಿ. ಹಳೆಯ ಗಟ್ಟಿ ಸೈಕಲ್ಲೇ ಸಾಕು, ಬೀಗ ಮಾತ್ರ ಒಳ್ಳೆಯದು ತಗೊಳ್ಳಿ, ಚಕ್ರಕ್ಕಷ್ಟೇ ಅಲ್ಲ, ಫ್ರೇಮನ್ನೂ ಸೇರಿಸಿ ಕಂಬಕ್ಕೆ ಹಾಕಿ.

ನನ್ನ ಸಿಟ್ಟು ಇರೋದು ಆ ಕಂಬದ ಬಗ್ಗೆಯೇ. ಕಾರಿಗೆ ಗೆರೆ ಎಳೆದು ಜಾಗ ಕೊಡುವವರಿಗೆ ಸೈಕಲ್ಲಿಗೊಂದು ಸೂರು, ಕಬ್ಬಿಣದ ಸರಳು, ನೋಡಿಕೊಳ್ಳಲು ಒಬ್ಬ ಆಳು ಹೊಂದಿಸೋಕೆ ಆಗಲ್ವಾ? ಗೋಡೆ ಬದಿಗೆ ಒರಗಿಸಿದ ಸೈಕಲ್ಲನ್ನು ಗುಜರಿಯ ಹಾಗೆ ಪಕ್ಕಕ್ಕೆ ಎಳೆದು ಬಿಸಾಡುವುದನ್ನು ನಾನು ನೋಡಿದ್ದೇನೆ. ಇದೇ ರಾಜ್ಯ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಿತು. ಹಳ್ಳಿ ಹುಡುಗಿಯರು ಸಾಲಾಗಿ ಹೈಸ್ಕೂಲಿಗೆ ಹೋಗುತ್ತಿದ್ದದ್ದು ನಮಗೆಲ್ಲ ಹೆಮ್ಮೆ ಅಲ್ವಾ? ಆ ಮಕ್ಕಳು ದೊಡ್ಡವರಾಗಿ ಕೆಲಸಕ್ಕೆ ಸೇರಿದ ಕೂಡಲೇ ಸೈಕಲ್ಲು ನಾಚಿಕೆಯ ವಸ್ತು ಹೇಗಾಯಿತು?

ನೀವೂ ಒಂದು ಕೆಲಸ ಮಾಡಬೇಕು. ಮನೆಯವರು ನಕ್ಕರು ಅಂತ ಸುಮ್ನೆ ಕೂರಬೇಡಿ. ನಿಮ್ಮ ಜೊತೆ ರೈಲು ಹತ್ತುವವರ ಸಹಿ ಹಾಕಿಸಿ, ಸೈಕಲ್ ಸ್ಟ್ಯಾಂಡ್ ಬೇಕು ಅಂತ ಸ್ಟೇಷನ್ನಿಗೂ ಪಾಲಿಕೆಗೂ ಅರ್ಜಿ ಕೊಡಿ. ಅದರ ಪ್ರತಿ ನಮಗೂ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ. ಉತ್ತರ ಬರೋವರೆಗೂ ಬಿಡದೆ ಕೇಳುತ್ತೇವೆ.

– ಸಂಪಾದಕ