ಟೆರೇಸಲ್ಲಿ ಹದ್ದು ತಲೆಗೆ ಬಡೀತಿದೆ, ಗೂಡು ಕೀಳಿಸ್ಬೋದಾ?

(ಹೆಸರು ಹಾಕ್ಬೇಡಿ ಅಂತ ಕೇಳ್ಕೊಂಡಿರೋ ಬೆಂಗಳೂರಿನ ಓದುಗರೊಬ್ಬರಿಗೆ ಸಂಪಾದಕರ ಉತ್ತರ)

ಮೇಡಂ, ನಮಸ್ಕಾರ.

ನಿಮ್ಮ ಪತ್ರ ಓದಿದ್ಮೇಲೆ ಆಫೀಸಲ್ಲಿ ಎಲ್ರೂ ತಮ್ತಮ್ಮ ಹದ್ದಿನ ಕಥೆ ಶುರು ಮಾಡ್ಕೊಂಡ್ರು, ಆವತ್ತಿನ ಪೇಜ್ ಕೆಲಸ ಸಂಜೆಗೆ ಹೋಯ್ತು, ಅದಿರ್ಲಿ. ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ನೀವು ಬರೆದಿದ್ದನ್ನ ಚಿಕ್ಕದಾಗಿ ಹೇಳ್ಬಿಡ್ತೀನಿ. ನಿಮ್ದು ನಾಲ್ಕಂತಸ್ತಿನ ಹಳೇ ಅಪಾರ್ಟ್‌ಮೆಂಟು, ಕಾಂಪೌಂಡ್ ಮೂಲೇಲಿ ದೊಡ್ಡ ಮಳೆಮರ, ಅದರ ಮೇಲಿನ ಕವಲಲ್ಲಿ ಹದ್ದು ಗೂಡು ಕಟ್ಟಿದೆ. ಸಂಕ್ರಾಂತಿ ಕಳೆದು ಸ್ವಲ್ಪ ದಿನದಿಂದ ಟೆರೇಸಿಗೆ ಹೋದೋರಿಗೆಲ್ಲ ಹಿಂದಿನಿಂದ ಬಂದು ತಲೆಗೆ ಬಡೀತಿದೆ, ನಿಮ್ಮ ಮಾವನವರಿಗೆ ನೆತ್ತಿ ಗೀರಿ ರಕ್ತಾನೂ ಬಂದಿದೆ. ಅಸೋಸಿಯೇಷನ್‌ನೋರು ಮರ ಹತ್ತೋರನ್ನ ಕರೆಸಿ ಗೂಡು ಕೀಳಿಸ್ತೀವಿ ಅಂತಿದ್ದಾರೆ, ಎದುರು ಮನೆಯೋರು ಶಾಂತಿ ಮಾಡ್ಸಿ ಅಂತಿದ್ದಾರೆ, ನಿಮ್ಮ ಮಗಳು ದಿನಾ ಒಂದು ಚಿಕನ್ ಪೀಸ್ ಹಾಕಿದ್ರೆ ಅದೇ ಫ್ರೆಂಡ್ ಆಗುತ್ತೆ ಬಿಡಮ್ಮಾ ಅಂತಿದ್ದಾಳೆ. ಇದರ ಜೊತೆ ಯುಟಿಲಿಟಿ ಗ್ರಿಲ್ ಮೇಲೆ ಪಾರಿವಾಳದ ಸೈಜಿನ ಒಂದು "ಮರಿ ಹದ್ದು" ಕೂತು ಯಾವ್ದೋ ಹಕ್ಕಿ ತಿಂದು ಒಗೆದ ಬಟ್ಟೆ ಮೇಲೆಲ್ಲ ಪುಕ್ಕ ಚೆಲ್ಲಿ ಹೋಯ್ತು, ಅದು ಇದೇ ಗೂಡಿನ ಮರಿನಾ ಅಂತ ಕೇಳಿದ್ದೀರ. ಮನೇಲಿರೋ ಪಗ್ ನಾಯಿಗೆ ಅಪಾಯ ಇದೆಯಾ, ಮಗಳ ಒಂದು ಬಿಳಿ ಸಾಕ್ಸ್ ತಂತಿ ಮೇಲಿಂದ ಕಾಣೆ ಆಗಿರೋದಕ್ಕೂ ಹದ್ದಿಗೂ ಸಂಬಂಧ ಇದೆಯಾ ಅನ್ನೋದು ಕೊನೇ ಪ್ರಶ್ನೆಗಳು.

ಗೂಡು ಕೀಳಿಸ್ಬೇಡಿ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ನಿಮ್ಮ ಅಸೋಸಿಯೇಷನ್ ಮೀಟಿಂಗ್ ಈ ಸಂಚಿಕೆ ಕೈಗೆ ಬರೋ ವಾರದಲ್ಲೇ ಇದೆ ಅಂತ ಬರೆದಿದ್ದೀರ. ಕಾರಣ ಆಮೇಲೆ.

ಮೈಯೆಲ್ಲ ಮಣ್ಣುಗಂದು, ಬಾಲದ ತುದಿ ನಡುವೆ ಸೀಳಿದ ಹಾಗಿದೆ ಅಂದ್ರಲ್ಲ, ಹಂಗಾದ್ರೆ ಅದು ಮಾಮೂಲಿ ಕರಿ ಹದ್ದು, ಶಿವಾಜಿನಗರ, ಕೆ.ಆರ್. ಮಾರ್ಕೆಟ್ ಕಡೆ ಮಟನ್ ಅಂಗಡಿ ಸಾಲಿನ ಮೇಲೆ ಸುತ್ತುತ್ತಾ ಇರುತ್ತಲ್ಲ ಅದೇ. ಗರುಡ ಅಲ್ಲ. ಗರುಡಕ್ಕೆ ತಲೆ, ಎದೆ ಬೆಳ್ಳಗೆ, ಉಳಿದ ಮೈ ಇಟ್ಟಿಗೆ ಬಣ್ಣ, ಬಾಲ ಗುಂಡಗೆ, ಅದು ಕೆರೆ ಆಸುಪಾಸಲ್ಲಿ ಜಾಸ್ತಿ. ಈ ಕರಿ ಹದ್ದು ನಮ್ಮ ಕಡೆ ಹೆಚ್ಚುಕಮ್ಮಿ ಡಿಸೆಂಬರಿಂದ ಏಪ್ರಿಲ್ ಒಳಗೆ ಗೂಡು ಕಟ್ಟಿ ಮರಿ ಮಾಡೋದು. ಎರಡೋ ಮೂರೋ ಮೊಟ್ಟೆ, ಸುಮಾರು ಒಂದು ತಿಂಗಳು ಕಾವು, ಅದಾದ್ಮೇಲೆ ಮರಿ ರೆಕ್ಕೆ ಬಲಿತು ಹಾರೋಕೆ ಇನ್ನೂ ಆರರಿಂದ ಎಂಟು ವಾರ. ಮೊಟ್ಟೆ ಇದ್ದಾಗ ಇಲ್ಲದ ಸಿಟ್ಟು ಮರಿ ಒಡೆದ ಮೇಲೆ ಬರುತ್ತೆ, ಮರಿ ದೊಡ್ಡದಾದಷ್ಟೂ ಜೋರಾಗುತ್ತೆ. ಸಂಕ್ರಾಂತಿ ಆದ್ಮೇಲೆ ಶುರುವಾಯ್ತು ಅಂತ ನೀವು ಬರೆದಿರೋ ಲೆಕ್ಕಕ್ಕೂ ಇದಕ್ಕೂ ಸರಿ ಹೋಗುತ್ತೆ. ಕೆಳಗೆ ರಸ್ತೇಲಿ ಅಷ್ಟೊಂದು ಜನ, ಆಟೋ, ಸ್ಕೂಲ್ ವ್ಯಾನು ಓಡಾಡಿದ್ರೂ ತಲೆ ಕೆಡಿಸ್ಕೊಳ್ಳದ ಹಕ್ಕಿ ಟೆರೇಸ್ ಮೇಲೆ ಒಬ್ರು ಬಂದ ತಕ್ಷಣ ರೇಗೋದ್ಯಾಕೆ ಅಂದ್ರೆ ನಿಮ್ಮ ಟೆರೇಸು ಗೂಡಿನ ಲೆವೆಲ್ಲಿಗೇ ಇದೆ, ಅಲ್ಲಿ ನಿಂತೋರು ಅದರ ಕಣ್ಣಿಗೆ ಮರ ಹತ್ತಿ ಬಂದೋರ ಲೆಕ್ಕ.

ಅದು ಹೊಡೆಯೋ ರೀತಿ ನೋಡಿದೋರಿಗೆ ಗೊತ್ತು. ಎದುರಿಂದ ಬರೋದು ಕಮ್ಮಿ. ಮೊದಲು ಕೊಂಬೆ ಮೇಲಿಂದ ನಡುಗೋ ದನೀಲಿ ಉದ್ದಕ್ಕೆ ಒಂದು ಸಲ ಕೂಗುತ್ತೆ, ಅದನ್ನ ನಾವು ಕಿವಿಗೇ ಹಾಕ್ಕೊಳ್ಳಲ್ಲ. ನೀವು ಬೆನ್ನು ತಿರುಗಿಸಿ ಸೀರೆಗೆ ಕ್ಲಿಪ್ ಹಾಕ್ತಿರ್ಬೇಕಾದ್ರೆ ರೆಕ್ಕೆ ಬಡೀದೆ ಜಾರ್ಕೊಂಡು ಬರುತ್ತೆ, ಸದ್ದೇ ಇರಲ್ಲ, ಕೊನೇ ಗಳಿಗೇಲಿ ಎರಡು ಕಾಲೂ ಮುಂದಕ್ಕೆ ಚಾಚಿ ನೆತ್ತಿ ಮೇಲೊಂದು ಏಟು, ಅದೇ ಸ್ಪೀಡಲ್ಲಿ ಮೇಲೆದ್ದು ನೀರಿನ ಟ್ಯಾಂಕ್ ಆಚೆ. ನಾವು ತಿರುಗಿ ನೋಡೋ ಹೊತ್ತಿಗೆ ಏನೂ ಗೊತ್ತಿಲ್ಲದ ಹಂಗೆ ಆಂಟೆನಾ ಕಂಬದ ಮೇಲೆ ಕೂತಿರುತ್ತೆ. ತೂಕ ನೋಡಿದ್ರೆ ಮುಕ್ಕಾಲು ಕೆಜಿ ಆಸುಪಾಸು ಅಷ್ಟೇ, ಆದ್ರೆ ರೆಕ್ಕೆ ಬಿಚ್ಚಿದ್ರೆ ನಾಲ್ಕೂವರೆ ಅಡಿ, ಅಷ್ಟಗಲದ್ದು ತಲೆ ಮೇಲೆ ಬಂದ್ರೆ ಎಂಥ ಧೈರ್ಯವಂತರೂ ಕುಸಿದು ಕೂರ್ತಾರೆ, ನಿಮ್ಮ ಮಾವನವರು ಹೆದರಿದ್ದರಲ್ಲಿ ತಪ್ಪೇನಿಲ್ಲ. ನಿಜವಾದ ಅಪಾಯ ಉಗುರಿಗಿಂತ ಗಾಬರಿಯಲ್ಲೇ ಇದೆ, ಹಿಂದೆ ಹಿಂದೆ ಸರಿದು ಗಿಡ್ಡ ಪ್ಯಾರಪೆಟ್ ಹತ್ರ ಹೋಗೋದು, ಮೆಟ್ಟಿಲಲ್ಲಿ ಕಾಲು ಜಾರೋದು, ಇದಕ್ಕೇ ವಯಸ್ಸಾದೋರನ್ನ ಈ ಎರಡು ತಿಂಗಳು ಅಲ್ಲಿ ವಾಕಿಂಗಿಗೆ ಬಿಡ್ಬೇಡಿ.

ಹೋಗಲೇಬೇಕಾದ್ರೆ ಕೊಡೆ ಬಿಚ್ಕೊಂಡು ಹೋಗಿ. ನಗಬೇಡಿ, ಇದಕ್ಕಿಂತ ಒಳ್ಳೇ ಉಪಾಯ ಇಲ್ಲ. ಇಬ್ಬರು ಹೋದ್ರೆ ಇನ್ನೂ ಒಳ್ಳೇದು, ಒಬ್ರು ಬಟ್ಟೆ ಹಾಕ್ಲಿ, ಇನ್ನೊಬ್ರು ಗೂಡಿನ ಕಡೆ ಮುಖ ಮಾಡಿ ನಿಲ್ಲಿ, ನೋಡ್ತಿರೋರ ಮೇಲೆ ಅದು ಎರಗೋದು ಕಮ್ಮಿ. ಕೋಲು ಬೀಸೋದು, ಕಲ್ಲು ಹೊಡೆಯೋದು, ಪಟಾಕಿ ಹಚ್ಚೋದು ಮಾಡ್ಬೇಡಿ, ಅದರಿಂದ ಅದರ ಅನುಮಾನ ಗಟ್ಟಿಯಾಗುತ್ತೆ ಅಷ್ಟೇ. ಗೀರಿದ ಗಾಯಾನ ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಡಾಕ್ಟ್ರಿಗೆ ತೋರಿಸಿ, ಟಿಟಿ ಯಾವಾಗ ತಗೊಂಡಿದ್ದು ಅಂತ ಅವರೇ ಕೇಳ್ತಾರೆ, ಕೊಳೆತ ಮಾಂಸ ಹಿಡಿಯೋ ಉಗುರು ಅದು, ಅರಿಶಿನ ಹಚ್ಚಿ ಸುಮ್ಮನಾಗೋದು ಬೇಡ. ರೇಬಿಸ್ ಭಯ ಬೇಡ, ಅದು ಸಸ್ತನಿ ಪ್ರಾಣಿಗಳಿಂದ ಬರೋ ಕಾಯಿಲೆ.

ಇನ್ನು ಮಗಳ ಚಿಕನ್ ಪೀಸ್. ಮಗು ಮನಸ್ಸು ಒಳ್ಳೇದು, ಐಡಿಯಾ ಮಾತ್ರ ಉಲ್ಟಾ. ಪ್ರಪಂಚದಲ್ಲೇ ಬೇಟೆ ಹಕ್ಕಿ ಇಷ್ಟು ಒತ್ತೊತ್ತಾಗಿ ಇರೋ ಊರುಗಳಲ್ಲಿ ದೆಹಲಿ ಒಂದು, ಅಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು ಸೇರಿ ವರ್ಷಗಟ್ಟಲೆ ಕರಿ ಹದ್ದಿನ ಗೂಡುಗಳನ್ನ ಹಿಂಬಾಲಿಸಿದ್ದಾರೆ. 2018ರಲ್ಲಿ ಬಂದ ಅವರ ಅಧ್ಯಯನದ ಪ್ರಕಾರ ಜನರ ಮೇಲೆ ಎರಗೋದು ಎಲ್ಲಾ ಕಡೆ ಒಂದೇ ಥರ ಇಲ್ಲ, ಎಲ್ಲಿ ಕಸ ಜಾಸ್ತಿ ಬಿದ್ದಿರುತ್ತೋ, ಎಲ್ಲಿ ಪುಣ್ಯ ಬರ್ಲಿ ಅಂತ ಜನ ಆಕಾಶಕ್ಕೆ ಮಾಂಸದ ಚೂರು ಎಸೀತಾರೋ ಆ ಸುತ್ತಮುತ್ತಲ ಗೂಡುಗಳಲ್ಲೇ ಹೆಚ್ಚು. ಯೋಚನೆ ಮಾಡಿದ್ರೆ ಆಶ್ಚರ್ಯ ಇಲ್ಲ. ಕೈಯಿಂದ ತಿಂದು ರೂಢಿಯಾದ ಹಕ್ಕಿಗೆ ಮನುಷ್ಯರ ಭಯ ಹೋಗಿರುತ್ತೆ, ಭಯ ಇಲ್ಲದ ಅಪ್ಪ-ಅಮ್ಮ ಮರಿ ಕಾಯೋಕೆ ನಿಂತ್ರೆ ಬರೀ ಕೂಗಿ ಸುಮ್ಮನಾಗಲ್ಲ, ಬಂದು ಬಡಿಯುತ್ತೆ. ನಿಮ್ಮ ಪತ್ರದಲ್ಲೇ ಒಂದು ಸಾಲು ಇದೆ, ನೀವು ಅದಕ್ಕೆ ಅಷ್ಟು ಗಮನ ಕೊಟ್ಟಂಗಿಲ್ಲ: ಹಿಂದಿನ ಖಾಲಿ ಸೈಟಲ್ಲಿ ಯಾರೋ ಕೋಳಿ ವೇಸ್ಟ್ ಸುರಿದು ಹೋಗ್ತಾರೆ ಅಂತ. ಮೇಡಂ, ನಿಮ್ಮ ಮೀಟಿಂಗಲ್ಲಿ ಮಾತಾಡಬೇಕಾಗಿರೋದು ಆ ಸೈಟಿನ ಬಗ್ಗೆ. ಮರ ಹತ್ತೋರಿಗೆ ಕೊಡೋ ದುಡ್ಡಲ್ಲಿ ಅಲ್ಲಿಗೊಂದು ಬೇಲಿ, ಒಂದು ಲೈಟು ಹಾಕ್ಸಿದ್ರೆ ಹದ್ದೂ ಕಮ್ಮಿ, ನಾಯಿ ಗಲಾಟೆನೂ ಕಮ್ಮಿ.

ಗೂಡು ಕೀಳಿಸೋದು ಯಾಕೆ ಬೇಡ ಅಂದ್ರೆ, ಒಂದು, ಅದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದ್ರೆ ಕೋವಿ ಹಿಡಿದು ಹೊಡೆಯೋದು ಮಾತ್ರ ಅಲ್ಲ, ಕಾಡುಹಕ್ಕಿ ಮೊಟ್ಟೆ ಹಾಳು ಮಾಡೋದು, ಗೂಡಿಗೆ ಕೈ ಹಾಕೋದೂ ಬೇಟೆನೇ. ಪೇಟೆ ಮಧ್ಯ ಇದ್ರೂ ಹದ್ದು ಈ ಕಾಯ್ದೆ ಲೆಕ್ಕದಲ್ಲಿ ಕಾಡುಹಕ್ಕಿನೇ. ಕೊಂಬೆ ಕಡಿಸ್ತೀವಿ ಅಂದ್ರೂ ಸುಮ್ನೆ ಆಗಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಮರ ನಿಮ್ಮ ಕಾಂಪೌಂಡಲ್ಲೇ ಇದ್ರೂ. ಎರಡನೇದು, ಕಾನೂನು ಪಕ್ಕಕ್ಕಿಟ್ರೂ ನನಗೆ ಅದು ನೋಡೋಕಾಗದ ಕೆಲಸ. ಮೂರನೇದು ಸ್ವಾರ್ಥದ್ದು, ಬೇಗ ಗೂಡು ಕಿತ್ರೆ ಅದೇ ಜೋಡಿ ಪಕ್ಕದ ಕೊಂಬೇಲಿ ಮತ್ತೆ ಕಟ್ಟಿ ಮತ್ತೆ ಮೊಟ್ಟೆ ಇಡಬಹುದು, ಆಗ ಮಾರ್ಚಿಗೆ ಮುಗೀಬೇಕಾದ ಕಾಟ ಮೇ ತನಕ ಎಳೆಯುತ್ತೆ.

ಶಾಂತಿ ವಿಷ್ಯಕ್ಕೆ ನಾನು ಅಡ್ಡ ಬರಲ್ಲ. ನಮ್ಮಲ್ಲಿ ಕಾಗೆ ತಲೆಗೆ ಕುಟ್ಟಿದ್ರೆ ಶನಿ, ತೇರಿನ ದಿನ ಗರುಡ ಸುತ್ತು ಹಾಕಿದ್ರೆ ಎಲ್ರೂ ಕೈ ಮುಗೀತಾರೆ, ಪಾಪ ಕರಿ ಹದ್ದಿಗೆ ಮಾತ್ರ ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ಪೂಜೆ ಮಾಡಿಸಿದ್ರೆ ಮಾವನವರ ಮನಸ್ಸಿಗೆ ಸಮಾಧಾನ ಅನ್ನೋದಾದ್ರೆ ಮಾಡ್ಸಿ, ಆದ್ರೆ ಹೋಮಕ್ಕೆ ಟೆರೇಸ್ ಬೇಡ. ಪುರೋಹಿತರು ಬಗ್ಗಿ ಕೂತಿರ್ತಾರೆ, ತಲೇಲಿ ಕೂದಲೂ ಇರಲ್ಲ.

ಈಗ ಗ್ರಿಲ್ ಮೇಲೆ ಬಂದಿದ್ದ ನೆಂಟರ ಬಗ್ಗೆ, ಇದನ್ನ ಬರೆಯೋಕೆ ನನಗೂ ಖುಷಿ. ಅದು ಹದ್ದಿನ ಮರಿ ಅಲ್ವೇ ಅಲ್ಲ, ಹದ್ದಿನ ಮರಿ ಗೂಡು ಬಿಡೋ ಹೊತ್ತಿಗೆ ಹೆಚ್ಚುಕಮ್ಮಿ ಅಮ್ಮನಷ್ಟೇ ದೊಡ್ಡದಾಗಿರುತ್ತೆ. ಬೂದಿ ಬೆನ್ನು, ಎದೆ ಮೇಲೆ ತೆಳ್ಳಗೆ ಕಂದು ಅಡ್ಡಗೆರೆ, ಕೆಂಪು ಕಣ್ಣು, ಹಳದಿ ಕಾಲು, ಇಷ್ಟು ಚೆನ್ನಾಗಿ ನೋಡಿ ಬರೆದಿದ್ದೀರಲ್ಲ, ಅದು ಶಿಕ್ರಾ, ಗಿಡುಗದ ಜಾತಿ. ಕಣ್ಣು ಅಷ್ಟು ಕೆಂಪಗಿದ್ರೆ ಗಂಡಿರಬೇಕು, ಹೆಣ್ಣಿಗೆ ಕಣ್ಣು ಹಳದಿ ಕಡೆಗೆ, ಮೈಕಟ್ಟು ಗಂಡಿಗಿಂತ ದೊಡ್ಡದು. ಹದ್ದಿನ ಥರ ಆಕಾಶದಲ್ಲಿ ಗಿರಕಿ ಹೊಡ್ಕೊಂಡು ಹುಡುಕೋದು ಇದರ ಪದ್ಧತಿ ಅಲ್ಲ. ಎಲೆ ಮರೇಲಿ ಅಲ್ಲಾಡದೆ ಕೂತಿರುತ್ತೆ, ಓತಿಕ್ಯಾತ, ಅಳಿಲು, ಸಣ್ಣ ಹಕ್ಕಿ ಏನಾದ್ರೂ ಕಣ್ಣಿಗೆ ಬಿದ್ರೆ ನೆಲಕ್ಕೆ ತಾಗೋ ಹಂಗೆ ತಗ್ಗಲ್ಲಿ ನುಗ್ಗಿ ಕಾರು, ಗೇಟು, ಹೂವಿನ ಕುಂಡ ಎಲ್ಲದರ ಮಧ್ಯ ತಿರುಗ್ಕೊಂಡು ಹೋಗಿ ಹಿಡಿಯುತ್ತೆ. ಹಿಡಿದ ಮೇಲೆ ರೆಕ್ಕೆ, ಬಾಲ ಎರಡನ್ನೂ ಕೊಡೆ ಥರ ಅಗಲಿಸಿ ಬೇಟೆಯನ್ನ ಮುಚ್ಕೊಳ್ಳುತ್ತೆ, ಕಾಗೆ ಕಣ್ಣಿಗೆ ಬಿದ್ರೆ ಕಿತ್ಕೊಂಡು ಹೋಗುತ್ತಲ್ಲ ಅದಕ್ಕೆ. ಆಮೇಲೆ ಒಂದು ಗಟ್ಟಿ ಜಾಗ ನೋಡಿ ಕೂತು ಪುಕ್ಕ ಒಂದೊಂದೇ ಕಿತ್ತು ಎಸೆದು ತಿನ್ನೋಕೆ ಶುರು. ನಿಮ್ಮ ಗ್ರಿಲ್ ಅದಕ್ಕೆ ಊಟದ ಮಣೆ ಆಯ್ತು, ಬಟ್ಟೆ ಹಾಳಾಗಿದ್ದಕ್ಕೆ ಬೇಜಾರಾಗ್ಬೇಡಿ.

ಮತ್ತೆ ನೋಡ್ಬೇಕು ಅಂದ್ರೆ ಕಿವಿ ಕೊಡಿ. ಅಳಿಲು ಬಾಲ ಕುಣಿಸ್ತಾ ಒಂದೇ ಸಮ ಚಿಕ್ ಚಿಕ್ ಅಂತ ಹೊಡ್ಕೊಳ್ತಿದ್ರೆ, ಹರಟೆಮಲ್ಲಗಳೆಲ್ಲ ಗುಂಪು ಕೂಡಿ ಒಂದೇ ಪೊದೆ ಕಡೆ ಬೈತಿದ್ರೆ, ಆ ಕಡೆ ಎಲ್ಲೋ ಶಿಕ್ರಾ ಇರೋ ಸಾಧ್ಯತೆ ಜಾಸ್ತಿ, ಬೆಕ್ಕೂ ಇರಬಹುದು ಅನ್ನಿ. ಅದರ ಕೂಗು "ಟಿಟ್ಯೂ, ಟಿಟ್ಯೂ" ಅಂತ ಚುರುಕಾಗಿರುತ್ತೆ, ಆದ್ರೆ ಬರೀ ಕೂಗು ನಂಬ್ಕೊಂಡು ಓಡ್ಬೇಡಿ, ಕಾಜಾಣ ಇದೇ ಕೂಗನ್ನ ಚೆನ್ನಾಗಿ ಅಣಕಿಸುತ್ತೆ.

ನಾಯಿ ವಿಷ್ಯ ಬೇಗ ಮುಗಿಸ್ತೀನಿ: ಮುಕ್ಕಾಲು ಕೆಜಿ ಹಕ್ಕಿ ಏಳೆಂಟು ಕೆಜಿ ಪಗ್ಗನ್ನ ಎತ್ಕೊಂಡು ಹೋಗೋಕಾಗಲ್ಲ, ನಿಶ್ಚಿಂತೆಯಾಗಿರಿ. ಮಗಳು ಟೆರೇಸಲ್ಲಿ ಕಬಾಬ್ ಹಿಡ್ಕೊಂಡು ನಿಂತ್ರೆ ಮಾತ್ರ ಕಬಾಬ್ ಹೋಗುತ್ತೆ, ಬೆರಳು ಗೀರುತ್ತೆ. ಸಾಕ್ಸ್ ಅದೇ ತಗೊಂಡಿರೋ ಹಂಗಿದೆ. ಗೂಡಿಗೆ ಬಟ್ಟೆ ಚೂರು, ದಾರ, ಪ್ಲಾಸ್ಟಿಕ್ ತುರುಕೋದು ಇದರ ಚಾಳಿ. ಸ್ಪೇನಿನ ದೊನ್ಯಾನ ರಾಷ್ಟ್ರೀಯ ಉದ್ಯಾನದಲ್ಲಿ ಇದೇ ಜಾತಿ ಹದ್ದಿನ ಮೇಲೆ ಅಧ್ಯಯನ ಮಾಡಿದೋರು 2011ರಲ್ಲಿ ಬರೆದಿದ್ದರು, ಮೊಟ್ಟೆ ಇಡೋಕೆ ಮುಂಚೆ ಅವು ಬಿಳಿ ಪ್ಲಾಸ್ಟಿಕ್ಕನ್ನೇ ಆರಿಸಿ ತಂದು ಗೂಡಲ್ಲಿ ಹರಡ್ತವೆ, ಗಟ್ಟಿಮುಟ್ಟಾದ ಜೋಡಿಗಳ ಗೂಡಲ್ಲಿ ಅಲಂಕಾರ ಜಾಸ್ತಿ, ಬೇರೆ ಹದ್ದುಗಳಿಗೆ ಇದು ನಮ್ಮ ಜಾಗ ಅಂತ ಬೋರ್ಡ್ ಹಾಕಿದ ಲೆಕ್ಕ. ಮಗಳಿಗೆ ಹೇಳಿ, ಸಾಕ್ಸ್ ವಾಪಸ್ ಸಿಗಲ್ಲ, ಒಳ್ಳೇ ಕೆಲಸಕ್ಕೇ ಹೋಗಿದೆ.

ಮರಿ ಏನಾದ್ರೂ ಕೆಳಗೆ ಬಿದ್ರೆ, ಇದನ್ನ ವಾಚ್‌ಮನ್‌ಗೂ ಹೇಳಿಡಿ, ನಾಯಿ ಬೆಕ್ಕು ಬರದ ಹಂಗೆ ನೋಡ್ಕೊಂಡು ದಪ್ಪ ಟವಲ್ ಹಾಕಿ ಹಿಡಿದು ತೂತು ಮಾಡಿದ ರಟ್ಟಿನ ಡಬ್ಬೀಲಿ ಕತ್ತಲೆಗಿಡಿ. ಕೊಕ್ಕಿಗಿಂತ ಉಗುರಿನ ಬಗ್ಗೆ ಹುಷಾರು. ಬಾಯಿಗೆ ನೀರು ಬಿಡೋದು, ಹಾಲು ಕೊಡೋದು, ಅನ್ನ ಮೊಸರು ತುರುಕೋದು ಏನೂ ಬೇಡ. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ದೊಡ್ಡ ಹದ್ದು ರೆಕ್ಕೆ ಜೋತು ಬಿಟ್ಕೊಂಡು ನೇತಾಡ್ತಿದ್ರೂ ಇದೇ ನಂಬರು, ಸಾಮಾನ್ಯವಾಗಿ ಗಾಳಿಪಟದ ಮಾಂಜಾ ಸಿಕ್ಕಿರುತ್ತೆ. ನೈಲಾನ್ ಮಾಂಜಾನ 2017ರಲ್ಲೇ ರಾಷ್ಟ್ರೀಯ ಹಸಿರು ಪೀಠ ದೇಶಾದ್ಯಂತ ನಿಷೇಧ ಮಾಡಿದ್ರೂ ಅಂಗಡೀಲಿ ಹಿಂದಿನ ಬಾಗಿಲಿಂದ ಸಿಗ್ತಾನೇ ಇದೆ, ಮರದಲ್ಲಿ ಒಮ್ಮೆ ಸುತ್ಕೊಂಡ್ರೆ ಅದು ಕೊಳೆಯೋದೂ ಇಲ್ಲ. ಎಳೆದು ಬಿಡಿಸೋಕೆ ಹೋಗ್ಬೇಡಿ, ರೆಕ್ಕೆ ಮಾಂಸ ಕತ್ತರಿಸುತ್ತೆ, ಎರಡೂ ಕಡೆ ದಾರ ಕತ್ತರಿಸಿ ಹಂಗೇ ಡಬ್ಬೀಗಿಟ್ಟು ಕಾಯಿರಿ.

ಗೂಡು ಖಾಲಿ ಆದ್ಮೇಲೆ, ಜೂನ್ ಹೊತ್ತಿಗೆ, ಟೆರೇಸ್ ಮೇಲೆ ಬಾಗಿರೋ ಕೊಂಬೆ ಸ್ವಲ್ಪ ಸವರಿಸ್ಬೇಕು ಅಂತಿದ್ರೆ ಅಸೋಸಿಯೇಷನ್ ಲೆಟರ್‌ಹೆಡ್ಡಲ್ಲಿ ವೃಕ್ಷ ಅಧಿಕಾರಿಗೆ ಅರ್ಜಿ ಕೊಡಿ, ಆಗ ಯಾರ ತಕರಾರೂ ಇರಲ್ಲ. ಹದ್ದು ಹಳೇ ಜಾಗಕ್ಕೆ ಮತ್ತೆ ಬರೋ ಜಾತಿ, ಮುಂದಿನ ಡಿಸೆಂಬರಲ್ಲಿ ಕಡ್ಡಿ ಹೊತ್ಕೊಂಡು ಓಡಾಡ್ತಿರೋದು ಕಂಡ್ರೆ ಬಟ್ಟೆ ತಂತೀನ ಟ್ಯಾಂಕಿನ ಆಚೆ ಬದಿಗೆ ಹಾಕಿಸ್ಕೊಳ್ಳಿ, ಕೊಡೇನ ಮೆಟ್ಟಿಲ ಬಾಗಿಲ ಹತ್ರಾನೇ ನೇತು ಹಾಕಿಡಿ.

ನಿಮ್ಮ,
ಸಂಪಾದಕ